ಬ್ಯಾಡ

ಭಾನುವಾರ ಬೆಳಿಗ್ಗೆ ಅತ್ತೆ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದರು. ನಾನು ಚರ್ಚಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ನೋಡಿದರೆ ಎಲೆಗಳೆಲ್ಲ ಕಸದ ಪೇಪರಿನ ಮೇಲೆ, ದಂಟುಗಳೆಲ್ಲ ಬುಟ್ಟಿಯಲ್ಲಿ.

“ಏನ್ ಮಾಡಾಕತ್ತೀರಿ ಅತ್ತ್ಯಾರ?” ಎಂದೆ, ಸ್ವಲ್ಪ ಗಡುಸಾಗಿಯೇ.

ಅವರು ತಲೆ ಎತ್ತಿದರು. ಬಾಯಿಯ ಬಲತುದಿ ಕೆಳಗೆ ಜಾರಿತ್ತು.

“ಬ್ಯಾಡ,” ಎಂದರು.

ಅಂದಿನಿಂದ ಇಂದಿನವರೆಗೆ ಅವರ ಬಾಯಿಂದ ಬಂದಿರುವ ಮಾತು ಅದೊಂದೇ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಆಯಿತು. ಮೆದುಳಿನ ಎಡಭಾಗದಲ್ಲಿ ಸ್ಟ್ರೋಕ್. ಬಲಗೈ ಹೋಗಿತ್ತು, ಬಲಗಾಲು ಹೋಗಿತ್ತು, ಮಾತು ಹೋಗಿತ್ತು. ಐಸಿಯುನಲ್ಲಿ ಒಳಗೆ ಬಿಟ್ಟ ಹತ್ತು ನಿಮಿಷದಲ್ಲಿ ನಾನು ಮಂಚದ ಪಕ್ಕ ನಿಂತು ಗಟ್ಟಿಯಾಗಿ ಪ್ರಾರ್ಥನೆ ಮಾಡಿದೆ. ಗಟ್ಟಿ ಪ್ರಾರ್ಥನೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಚರ್ಚಿನ ಸ್ತ್ರೀಕೂಟದಲ್ಲಿ ಯಾರೂ ಇಲ್ಲ. ನಾನು ಶುರು ಮಾಡಿದರೆ ಉಳಿದ ಹೆಂಗಸರು ಸುಖವಾಗಿ ಮೊಣಕಾಲು ಬದಲಿಸಿಕೊಳ್ಳುತ್ತಾರೆ.

ಅತ್ತೆ ಕಣ್ಣು ಬಿಟ್ಟರು. “ಬ್ಯಾಡ.”

ನನ್ನ ಪ್ರಾರ್ಥನೆ ಅರ್ಧಕ್ಕೇ ನಿಂತಿತು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಲೇಬೇಕು. ಹತ್ತೊಂಬತ್ತು ವರ್ಷಗಳ ಹಿಂದೆ ನನ್ನ ಮೊದಲ ಬಸಿರು ನಾಲ್ಕನೇ ತಿಂಗಳಿಗೇ ಇಳಿದುಹೋಯಿತು. ನೋಡಲು ಬಂದ ಕೂಟದ ಹೆಂಗಸರ ಮುಂದೆ ಅತ್ತೆ, “ಇಕಿ ಪ್ರಾರ್ಥನಿ ಬರೇ ತುಟಿ ಮ್ಯಾಲಿಂದು. ಹೊಟ್ಟ್ಯಾಗ ಹೆಂಗ ನಿಲ್ತೈತಿ?” ಎಂದಿದ್ದರು. ನಾನು ಒಳಕೋಣೆಯಲ್ಲಿ ಮಲಗಿ ಕೇಳಿಸಿಕೊಂಡಿದ್ದೆ. ಆಮೇಲೆ ಮಗಳು ಹುಟ್ಟಿದಳು, ಬೆಂಗೇರಿಯಲ್ಲಿ ಮನೆ ಕಟ್ಟಿದೆವು, ಅತ್ತೆಯೊಂದಿಗೆ ಒಂದೇ ಬೆಂಚಿನಲ್ಲಿ ಕೂತು ಎಷ್ಟೋ ಹಾಡು ಹಾಡಿದೆ. ಆ ಮಾತನ್ನು ಮಾತ್ರ ಬಿಡಲಿಲ್ಲ. ನನ್ನ ಪ್ರಾರ್ಥನೆ ವರ್ಷದಿಂದ ವರ್ಷಕ್ಕೆ ಉದ್ದವಾಗಿದ್ದಕ್ಕೆ ದೇವರು ಕಾರಣನಲ್ಲ, ಅತ್ತೆ ಕಾರಣ.

ಹಾಗಾಗಿ ಆ “ಬ್ಯಾಡ” ನನಗೇ ಹೇಳಿದ್ದು ಎಂದುಕೊಂಡೆ. ನಾನು ತಲೆ ಬಾಚಿದರೂ ಬ್ಯಾಡ, ಡೈಪರ್ ಬದಲಿಸಿದರೂ ಬ್ಯಾಡ. ಸಾಯುವ ಹೊತ್ತಿಗೂ ಇವರಿಗೆ ನಾನು ಬೇಡವಾದೆನೇ ಎಂದು ಲಿಫ್ಟಿನ ಪಕ್ಕ ನಿಂತು ಕಣ್ಣೀರಿಟ್ಟೆ.

ಧಾರವಾಡದ ಸಪ್ತಾಪುರದಿಂದ ಬರುತ್ತಿದ್ದ ಸ್ಪೀಚ್ ಥೆರಪಿಸ್ಟ್ ನಕ್ಕುಬಿಟ್ಟಳು. “ಅವ್ರು ಹೂಂ ಅನ್ನಾಕ ಹೋದ್ರೂ ಅದ ಬರ್ತೈತ್ರಿ, ನೀರು ಕೇಳಾಕ ಹೋದ್ರೂ ಅದ ಬರ್ತೈತಿ. ಮಾತು ಬಿಡ್ರಿ. ಕಣ್ಣು ನೋಡ್ರಿ, ಎಡಗೈ ನೋಡ್ರಿ.”

ನಾನು ಮೊದಲ ಅರ್ಧವನ್ನಷ್ಟೇ ತಲೆಗೆ ಹಾಕಿಕೊಂಡೆ.

ಮೂರನೇ ವಾರ ಮೂಗಿನ ಟ್ಯೂಬ್ ತೆಗೆದು ಮನೆಗೆ ಕಳಿಸಿದರು. ಬೇಳೆ ಅನ್ನ ರುಬ್ಬಿದ ದಪ್ಪ ಗಂಜಿ, ಸಣ್ಣ ಚಮಚ. ಗದ್ದ ಕೆಳಗಿರಬೇಕು. ಗಂಟಲು ಒಮ್ಮೆ ಏರಿ ಇಳಿದ ಮೇಲೆಯೇ ಇನ್ನೊಂದು ಚಮಚ. ತಪ್ಪಿದರೆ ಅನ್ನ ಲಂಗ್ಸಿಗೆ ಹೋಗುತ್ತದೆ, ಈ ವಯಸ್ಸಿನಲ್ಲಿ ಅದು ಜೀವಕ್ಕೇ ಕುತ್ತು ಎಂದು ಡಾಕ್ಟರ್ ಎರಡು ಸಲ ಹೇಳಿದ್ದರು.

ಅದೇ ವಾರ ಸ್ತ್ರೀಕೂಟದ ಸುಗುಣಕ್ಕ ಬಂದರು. “ಕರುಣಾ, ಈ ಸಲ ಕೂಟದಾಗ ಎಲ್ಲಾರ ಮುಂದ ಸಾಕ್ಷಿ ನೀನ ಹೇಳಬೇಕು ನೋಡವಾ. ತನಗ ತಾನು ಸಾಯೂದು ಅನ್ನೂದು ಈ ತಿಂಗಳ ವಿಷಯ. ಅತ್ತಿ ಸೇವಾ ನಿನ್ನಂಗ ಯಾರು ಮಾಡ್ತಾರ?”

ನಾನು ಮುಖ ತಗ್ಗಿಸಿ “ನಂದೇನೈತಕ್ಕಾ, ಎಲ್ಲಾ ದೇವರ ಕೃಪಾ” ಎಂದೆ. ಒಳಗೊಳಗೇ ಹಿಗ್ಗಿದೆ.

ಮರುದಿನ ಮಧ್ಯಾಹ್ನ ಉಣಿಸುತ್ತಿದ್ದೆ. ತಲೆಯಲ್ಲಿ ಸಾಕ್ಷಿಯ ಮೊದಲ ವಾಕ್ಯ ತಿರುಗುತ್ತಿತ್ತು. ಬಸಿರಿನ ವಿಷಯ ಸೇರಿಸಬೇಕೋ ಬೇಡವೋ? ಸೇರಿಸಿದರೆ ಎಲ್ಲರೂ ಅಳುತ್ತಾರೆ.

“ಬ್ಯಾಡ.”

“ಆತ್ರಿ, ಗೊತ್ತಾತು. ಬಾಯಿ ತೆಗೀರಿ.”

“ಬ್ಯಾಡ.” ಎಡಗೈ ನನ್ನ ಮಣಿಕಟ್ಟನ್ನು ತಳ್ಳಿತು. ನಾನು ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಚಮಚ ಒಳಗಿಟ್ಟೆ.

ಆ ಸಲ ಅದು ನಿಜವಾದ ಬ್ಯಾಡ ಆಗಿತ್ತು.

ಕೆಮ್ಮು ಬಂತು. ಆಮೇಲೆ ಕೆಮ್ಮೂ ನಿಂತಿತು. ತುಟಿ ನೀಲಿಗಟ್ಟಿತು. ನಾನು ಅವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದುತ್ತಿದ್ದೆ. ನನ್ನ ಗಂಡ “ಯವ್ವಾ! ಯವ್ವಾ!” ಎನ್ನುತ್ತ ಓಡಿ ಬಂದರು. ಅಷ್ಟು ಪ್ರಾರ್ಥನೆ ಬಾಯಿಪಾಠವಿದ್ದವಳಿಗೆ ಆಗ “ಯೇಸುವೇ” ಎಂಬುದೊಂದೇ ಬಂತು.

ಗಂಜಿ ಹೊರಬಿತ್ತು, ಉಸಿರು ಬಂತು. ಆದರೆ ಮರುದಿನಕ್ಕೆ ಜ್ವರ ಏರಿತು. ಮತ್ತೆ ಆಸ್ಪತ್ರೆ, ನ್ಯುಮೋನಿಯಾ, ಆಕ್ಸಿಜನ್.

ಡಾಕ್ಟರ್ ಎಕ್ಸ್‌ರೇ ಹಿಡಿದು ಕೇಳಿದರು. “ಮೊದಲಿನ ತುತ್ತು ನುಂಗೂಕಿಂತ ಮುಂಚೆ ಇನ್ನೊಂದು ಹಾಕಿದ್ರೇನು?”

ಗಂಡ ನನ್ನ ಮುಖ ನೋಡಿದರು. “ಇಲ್ರಿ, ತಾನ ಕೆಮ್ಮು ಬಂತು” ಎನ್ನುವ ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಅಂದಿದ್ದರೆ ನಂಬುತ್ತಿದ್ದರು. ನನ್ನಂಥ ಸೊಸೆ ಇಲ್ಲ ಎಂದು ಊರೇ ಹೇಳುತ್ತಿದ್ದ ಹೊತ್ತು ಅದು.

“ಹೌದ್ರಿ. ಅವ್ರು ಬ್ಯಾಡ ಅಂದ್ರು, ಕೈಲೆ ತಳ್ಳಿದ್ರು. ನಾ ನೋಡಲಿಲ್ಲ, ಹಾಕಿದೆ.”

ಗಂಡ ಎರಡು ದಿನ ನನ್ನೊಂದಿಗೆ ಮಾತೂ ಆಡಲಿಲ್ಲ. ತನಗೆ ತಾನು ಸಾಯುವುದೆಂದರೆ ‘ನಾನು’ ಎಂಬುದನ್ನು ಬಿಡುವುದೆಂದು ಇಷ್ಟು ವರ್ಷ ಚರ್ಚಿನ ಪ್ರಸಂಗದಲ್ಲಿ ಕೇಳಿದ್ದೆ. ಆಗುವಾಗ ಅದು ನಾಚಿಕೆಯ ಹಾಗೆ ಇರುತ್ತದೆಂದು ಯಾರೂ ಹೇಳಿರಲಿಲ್ಲ.

ಆರನೇ ದಿನ ಆಕ್ಸಿಜನ್ ತೆಗೆದರು. ವಾರ್ಡಿನಲ್ಲಿ ನಾವಿಬ್ಬರೇ ಇದ್ದೆವು.

“ಅತ್ತ್ಯಾರ, ನಿಮ್ಮ ಒಂದು ಮಾತು ಹತ್ತೊಂಬತ್ತು ವರ್ಷ ಮನಸ್ಸಿನ್ಯಾಗ ಇಟ್ಕೊಂಡೀನಿ. ಸಿಟ್ಟು ಇಟ್ಕೊಂಡ ನಿಮಗ ಉಣಿಸೀನಿ. ನನ್ನ ಕ್ಷಮಿಸ್ರಿ.”

ಯಾವ ಮಾತು ಎಂದು ನಾನು ಹೇಳಿರಲಿಲ್ಲ. ಅವರ ಎಡಗೈ ಮೆಲ್ಲಗೆ ಬಂದು ನನ್ನ ಹೊಟ್ಟೆಯ ಮೇಲೆ ನಿಂತಿತು.

“ಬ್ಯಾಡ,” ಎಂದರು. ಕಣ್ಣಿಂದ ನೀರು ಇಳಿಯಿತು. “ಬ್ಯಾಡ. ಬ್ಯಾಡ.”

ನಾನು ಆ ಕೈಯನ್ನು ಸರಿಸಲಿಲ್ಲ.

ಈಗ ಮನೆಯಲ್ಲಿದ್ದಾರೆ. ಎಷ್ಟು ದಿನ ಎಂದು ಡಾಕ್ಟರ್ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಸಾಕ್ಷಿ ಹೇಳಲು ಹೋಗಲಿಲ್ಲ; ಕೂಟದ ಹೊತ್ತೂ ಗಂಜಿಯ ಹೊತ್ತೂ ಒಂದೇ. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ ಬೇಕು. ಗಂಟಲು ಏರುವುದನ್ನು, ಇಳಿಯುವುದನ್ನು ನೋಡುತ್ತ ಕೂರುತ್ತೇನೆ. ಕೆಲವು ದಿನ ಬೇಸರ ಬರುತ್ತದೆ, ಹಳೆಯ ಸಿಟ್ಟೂ ಇಣುಕುತ್ತದೆ.

ಬಟ್ಟಲು ಖಾಲಿಯಾದ ಮೇಲೆ ಎರಡೇ ಸಾಲು ಪ್ರಾರ್ಥನೆ, ಕಣ್ಣು ತೆರೆದುಕೊಂಡೇ. ಆಮೆನ್ ಅನ್ನುವ ಜಾಗದಲ್ಲಿ ಅತ್ತೆ “ಬ್ಯಾಡ” ಅನ್ನುತ್ತಾರೆ. ಎಡಗೈ ನನ್ನ ಕೈಯನ್ನು ಹಿಡಿದಿರುತ್ತದೆ.