ಡೊಂಬಿವಲಿಯಲ್ಲಿ ಒಂದು ಭರಣಿ ನೀರು

ಅಥವಾ ಶೆಟ್ಟರು 'ಎಲ್ಲಿ ಇಳಿಯುದು' ಎಂಬ ಆ ಮಾತನ್ನು ಆಡಿದ್ದು ರೈಲಿನಲ್ಲೇ ಇರಬಹುದು, ಗೆಳತಿಯ ಸೊಸೈಟಿಯ ಹಾಲ್‌ನಲ್ಲಿ ಅಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅದು ಠಾಣೆಯಲ್ಲಿ ತಿಂದ ಬನ್ಸಿನ ವಿಷಯದ ಕೆಳಗಿದೆ. ನೆನಪಿನಲ್ಲಿ ಮಾತ್ರ ಅದು ಹಿಂದಿನ ದಿನ, ಡೊಂಬಿವಲಿಯಲ್ಲಿ, ಒಂದು ಗಾಜಿನ ಭರಣಿಯ ಪಕ್ಕದಲ್ಲಿ ನಡೆದಿದೆ. ಇಷ್ಟು ಸರಿಯಾದ ಜಾಗದಲ್ಲಿ ಬಂದು ಕೂರುವ ನೆನಪನ್ನು ನಾನು ನಂಬುವುದಿಲ್ಲ. ಆದರೂ ಅದರ ಕ್ರಮದಲ್ಲೇ ಬರೆಯುತ್ತೇನೆ, ಬೇರೆ ಕ್ರಮ ನನ್ನ ಬಳಿ ಇಲ್ಲ.

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಧಾರವಾಡದ ರೈಲಿನಿಂದ ಕಲ್ಯಾಣದಲ್ಲಿ ಇಳಿದೆ. ಎಂಟು ಗಂಟೆಗೇ ಬೆವರು. ಡೊಂಬಿವಲಿಗೆ ಐದು ರೂಪಾಯಿ ಟಿಕೆಟ್, ನಡುವೆ ಠಾಕುರ್ಲಿ ಒಂದೇ ಸ್ಟೇಷನ್. ಕಲ್ಯಾಣದಿಂದಲೇ ಹೊರಡುವ ಲೋಕಲ್ ಆದ್ದರಿಂದ ಮಹಿಳೆಯರ ಡಬ್ಬಿಯಲ್ಲಿ ಸೀಟು ಸಿಕ್ಕಿತು. ಎದುರು ನಿಂತಿದ್ದ ಹೆಂಗಸು "ಕಹಾಂ ಉತರೋಗೇ?" ಎಂದು ಕೇಳಿದಳು. ಎಲ್ಲಿ ಇಳಿಯುತ್ತೀರಿ ಅಂತ. ಪರವೂರಿನಲ್ಲಿ ಎಷ್ಟು ಅಕ್ಕರೆ ಎಂದುಕೊಂಡು ನಾನು ಧಾರವಾಡದಿಂದ ಬಂದದ್ದು, ಡೊಂಬಿವಲಿಯಲ್ಲಿ ಕಾಲೇಜು ಗೆಳತಿ ಇರುವುದು, ಎಲ್ಲವನ್ನೂ ಹೇಳಿದೆ. ಅವಳಿಗೆ ಬೇಕಿದ್ದದ್ದು ಸ್ಟೇಷನ್ನಿನ ಹೆಸರು ಮಾತ್ರ. ಮೊದಲು ಕೇಳಿದವರಿಗೆ ಸೀಟು ಎಂಬುದು ಲೋಕಲಿನ ರೂಢಿಯಂತೆ; ನಾನು ಏಳುವ ಮೊದಲೇ ಆ ಸೀಟು ಅವಳದಾಗಿತ್ತು. ಅವಳ ಹಿಂದೆ ನಿಂತವಳು ಅವಳನ್ನೂ ಅದನ್ನೇ ಕೇಳಿ, "ಮುಲುಂಡ್" ಎಂಬ ಉತ್ತರ ಪಡೆದು, ತನ್ನ ಪಾಳಿಯನ್ನು ಗೊತ್ತುಮಾಡಿಕೊಂಡಿದ್ದಳು.

ಗೆಳತಿ ಶಾಂತಾ ನಿವೃತ್ತ ಕೆಮಿಸ್ಟ್ರಿ ಟೀಚರ್, ಎಂಐಡಿಸಿ ಎನ್ನುವ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ಅವಳ ಮನೆ. ಅವಳ ಹೌಸಿಂಗ್ ಸೊಸೈಟಿಗೆ ಎರಡು ವಿಂಗ್, ಎರಡು ಬೋರ್‌ವೆಲ್. ಎ ವಿಂಗ್‌ನ ಬೋರ್ ಆಗಲೇ ಗಾಳಿ ಉಗುಳುತ್ತಿತ್ತು. ಮರುದಿನದ್ದಲ್ಲ, ಅದರ ಮುಂದಿನ ಭಾನುವಾರ ಸಭೆ. ಮೂರನೇ ಬೋರ್‌ಗೆ ಹೌದೆಂದರೆ ಮರುದಿನವೇ ಕೊರೆಯುವ ಲಾರಿ ಬರುವುದಿತ್ತು. ಎ ವಿಂಗ್‌ನವರಿಗೆ ಅದು ಬೇಕು. ಬಿ ವಿಂಗ್‌ನಲ್ಲಿರುವ ಸೆಕ್ರೆಟರಿ, ನಮ್ಮ ಧಾರವಾಡ ಕಡೆಯ ಜೋಶಿಯವರಿಗೂ ಬೇಕು, ತಮ್ಮ ಬೋರ್ ಮೇಲೆ ಇವರ ಕಣ್ಣು ಬೀಳುವುದು ತಪ್ಪಲಿ ಎಂದು. ಬೇಡವೆಂದವಳು ಶಾಂತಾ ಒಬ್ಬಳೇ.

"ಒಂದ ಎಳನೀರಿಗೆ ಮೂರನೇ ಸ್ಟ್ರಾ ಹಾಕಿದ್ರ ನೀರು ಹೆಚ್ಚಾಗ್ತದೇನ?" ಎಂದಳು, ನನಗೆ ಚಹಾ ಕೊಡುತ್ತ. ಇದನ್ನೇ ಹಿಂದಿನ ಸಭೆಯಲ್ಲಿ ಹೇಳಿದಾಗ ಯಾರೂ ಕೇಳಲಿಲ್ಲವಂತೆ. ಹಾಗಾಗಿ ಮತ ಹಾಕುವ ಮೊದಲು ಎರಡು ಆಟ ಆಡಿಸಲು ಅನುಮತಿ ಕೇಳಿದ್ದಳು. ಒಂದು ಹಾಲ್‌ನಲ್ಲಿ, ಇನ್ನೊಂದು ಆನ್‌ಲೈನಿನಲ್ಲಿ, ಏಕೆಂದರೆ ಮನೆ ಬಾಡಿಗೆಗೆ ಕೊಟ್ಟು ಬೇರೆ ಊರಲ್ಲಿರುವ ಮಾಲೀಕರಿಗೂ ಮತವಿತ್ತು. ಜೋಶಿ ಒಪ್ಪಿದ್ದರು. "ಆಡ್ಸ್ರಿ ಬಾಯಾರ, ಸಾಲಿ ಬಿಟ್ರೂ ಸಾಲಿ ನಿಮ್ಮನ್ನ ಬಿಟ್ಟಿಲ್ಲ" ಎಂದು ಚುಚ್ಚಿಯೂ ಇದ್ದರು.

ಸಂಜೆ ಹಾಲ್‌ನಲ್ಲಿ ಇಪ್ಪತ್ತು ಜನ. ಮೇಜಿನ ಮೇಲೆ ಭರಣಿ, ಅದರಲ್ಲಿ ಕಟಿಂಗ್ ಎನ್ನುವ ಅರ್ಧ ಚಹಾದ ಪುಟ್ಟ ಗ್ಲಾಸಿನ ಲೆಕ್ಕದಲ್ಲಿ ನಲವತ್ತು ಗ್ಲಾಸ್ ನೀರು. ಅದು ಕೆರೆ. ಸುತ್ತ ನಾಲ್ವರು ಪಾತ್ರಧಾರಿಗಳು: ರೈತ, ಪಂಚಾಯಿತಿಯವನು, ಬಣ್ಣದ ಕಾರ್ಖಾನೆಯವನು, ಮೀನುಗಾರ. ಪ್ರತಿ ಸುತ್ತಿನಲ್ಲೂ ಚೌಕಾಶಿ ಮಾಡಿ ಯಾರಿಗೆಷ್ಟು ಬೇಕೋ ತೆಗೆದುಕೊಳ್ಳಬೇಕು. ಉಳಿದದ್ದರ ಅರ್ಧದಷ್ಟನ್ನು ಶಾಂತಾ ಮಳೆಯೆಂದು ಸುರಿಯುತ್ತಾಳೆ. ಆರು ಸುತ್ತು ಕೆರೆ ಬತ್ತದಂತೆ ನೋಡಿಕೊಳ್ಳಬೇಕು. ಜೋಶಿ ಕಾರ್ಖಾನೆಯಾದರು. ಎ ವಿಂಗ್‌ನ ಪ್ರಭಾಕರ ಶೆಟ್ಟರು ಮೀನುಗಾರರಾದರು. ಉಡುಪಿ ಕಡೆಯವರು, ಠಾಣೆಯಲ್ಲಿ ಸಸ್ಯಾಹಾರಿ ಹೋಟೆಲು. "ನನಗೇ ಮೀನು ಕೊಟ್ಟಿರಲ್ಲ ಟೀಚರ್" ಎಂದು ನಗಿಸಿದರು.

ಮೂರನೇ ಸುತ್ತಿಗೆ ಭರಣಿ ಖಾಲಿ. ಎಲ್ಲರೂ ಬೇರೆಯವರತ್ತ ಬೆರಳು ತೋರಿಸಿದರು. ಎರಡು ಬಾರಿ 'ಕಾರ್ಖಾನೆ' ಎನ್ನುವ ಬದಲು 'ಬಿ ವಿಂಗ್' ಎಂಬ ಮಾತೇ ಹೊರಬಿತ್ತು. ಶಾಂತಾ ಉಪದೇಶ ಮಾಡಲಿಲ್ಲ. ಭರಣಿಯ ಒಳಗನ್ನು ಬಟ್ಟೆಯಿಂದ ನಿಧಾನವಾಗಿ ಒರೆಸಿ, ಎಲ್ಲರಿಗೂ ತೋರಿಸಿ, ಮತ್ತೆ ತುಂಬಿಸಿದಳು. ಆ ಒರೆಸುವಿಕೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಎರಡನೇ ಆಟದಲ್ಲಿ ಶೆಟ್ಟರು, ನನ್ನ ನೆನಪಿನ ಪ್ರಕಾರ, ಜೋಶಿಯವರತ್ತ ವಾಲಿ ಕೇಳಿದರು: "ಅದೆಲ್ಲ ಇರ್ಲಿ. ನೀವು ಎಲ್ಲಿ ಇಳಿಯುದು ಮಾರಾಯ್ರೆ?"

"ಠಾಣೆ" ಎಂದರು ಜೋಶಿ, ಯೋಚಿಸದೆ. ಮೂವತ್ತು ವರ್ಷ ಅಲ್ಲಿನ ಬ್ಯಾಂಕಿಗೆ ಹೋಗಿ ಬಂದವರು.

ಹಾಲ್ ನಕ್ಕಿತು. ಜೋಶಿಯೂ ನಕ್ಕು, ಆಮೇಲೆ ಭರಣಿಯತ್ತ ನೋಡಿದರು. "ಮೂರನೇ ಸುತ್ತಿಗೆ ನನ್ನ ಪಾಲಿನಾಗ ಎರಡು ಗ್ಲಾಸ್ ಬಿಟ್ಟು ಏಳ್ತೀನ್ರಿ" ಎಂದರು. "ಆ ಜಾಗಾ ನಿಮ್ಮ ಮೀನಿಗೆ." ಅಲ್ಲಿಯವರೆಗೆ ಎಲ್ಲರೂ ಎಷ್ಟು ಬಿಡುತ್ತೀರಿ ಎಂದು ಕೇಳುತ್ತಿದ್ದರು, ಕೇಳಿದಷ್ಟೂ ಕೈ ಬಿಗಿಯಾಗುತ್ತಿತ್ತು. ಯಾವಾಗ ಏಳುತ್ತೀರಿ ಎಂಬ ಪ್ರಶ್ನೆಗೆ ಮರ್ಯಾದೆ ಕಳೆದುಕೊಳ್ಳದೆ ಉತ್ತರ ಕೊಡಬಹುದಿತ್ತು. ರೈತ ನಾಲ್ಕನೇ ಸುತ್ತು ಎಂದ, ಪಂಚಾಯಿತಿ ಐದನೆಯದು ಎಂದಿತು. ಆರು ಸುತ್ತು ಮುಗಿದಾಗ ಭರಣಿಯಲ್ಲಿ ನೀರಿತ್ತು.

ಭಾನುವಾರ ಶೆಟ್ಟರು ಹೋಟೆಲಿಗೆ ಹೊರಟಿದ್ದರು. ನಾನು ನವಿ ಮುಂಬಯಿಗೆ ಹೋಗಬೇಕಿದ್ದರಿಂದ ಠಾಣೆಯವರೆಗೆ ಜೊತೆಯಾದೆವು. ಹತ್ತು ರೂಪಾಯಿ ಟಿಕೆಟ್, ರಜೆಯ ದಿನವೂ ನಿಲ್ಲುವಷ್ಟೇ ಜಾಗ. ಶೆಟ್ಟರು ಕೂತಿದ್ದವನೊಬ್ಬನನ್ನು ಎಲ್ಲಿ ಇಳಿಯುತ್ತೀರಿ ಎಂದು ಕೇಳಿ, ನಡುವಿನ ದಿವಾ ಸ್ಟೇಷನ್ನಿನಲ್ಲಿ ನನಗೆ ಸೀಟು ಕೊಡಿಸಿದರು. ನನ್ನ ಅನುಮಾನ ಇರುವುದು ಇಲ್ಲೇ. ಅವರ ಹೋಟೆಲಿನಲ್ಲಿ ಬಿಸಿ ಬನ್ಸ್ ತಿಂದು, ಫಿಲ್ಟರ್ ಕಾಫಿ ಕುಡಿದು, ಆಮೇಲೆ ಆ ಸಾಲನ್ನು ಬರೆದುಕೊಂಡಿದ್ದೇನೆ, ಆಡಿದವರ ಹೆಸರಿಲ್ಲದೆ.

ಠಾಣೆಯಿಂದ ನೆರೂಳಿಗೆ ಮುಕ್ಕಾಲು ಗಂಟೆ. ಅಲ್ಲಿ ಶಾಂತಾಳ ಮಗಳು ಮೇಘಾಳ ಮನೆ; ಆನ್‌ಲೈನ್ ಆಟ ಅವಳ ಲ್ಯಾಪ್‌ಟಾಪಿನಿಂದ. ಶಾಂತಾ ಬೆಳಿಗ್ಗೆಯೇ ಬಂದಿದ್ದಳು. ಹನ್ನೊಂದು ಕಿಟಕಿಗಳು ತೆರೆದವು, ಎಂಟರಲ್ಲಿ ಮುಖವಿಲ್ಲ. ಪರದೆಯ ಮೇಲೆ ಮೇಘಾ ಬರೆದ ಭರಣಿ ಸದ್ದಿಲ್ಲದೆ ಇಳಿದು ಎರಡೇ ಸುತ್ತಿಗೆ ಬತ್ತಿತು. ಹಾಲ್‌ನಲ್ಲಿ ಆಟ ಮುಗಿದ ಮೇಲೆ ಶಾಂತಾ ಕೇಳಿದ್ದು ಒಂದೇ ಪ್ರಶ್ನೆ, ಯಾವಾಗ ಕೈ ಹಿಂದೆ ತೆಗೆದುಕೊಂಡಿರಿ ಎಂದು. ಇಲ್ಲಿ ಯಾರ ಕೈಯೂ ಕಾಣುತ್ತಿರಲಿಲ್ಲ.

"ಮಾವಶಿ, ಕ್ಯಾಮೆರಾ ಹೀ ಬಂದ್ ಹೈ ತೋ ಶರಮ್ ಕಿಸ್‌ಕೋ ಆಯೇಗೀ?" ಎಂದಳು ಮೇಘಾ ನನಗೆ ಮೆಲ್ಲಗೆ. ಚಿಕ್ಕಮ್ಮಾ, ಮುಖವೇ ಕಾಣದಿದ್ದರೆ ನಾಚಿಕೆ ಯಾರಿಗೆ ಎಂದು. ಆಮೇಲೆ ಅವಳೇ ಒಂದು ನಿಯಮ ಸೇರಿಸಿದಳು: ಎಷ್ಟು ಬೇಕೋ ಅಷ್ಟು ಲೋಟಗಳನ್ನು ಅಡುಗೆಮನೆಯಿಂದ ತಂದು ಕ್ಯಾಮೆರಾದ ಮುಂದೆ ಜೋಡಿಸಬೇಕು. ಹನ್ನೊಂದು ಮನೆಗಳಲ್ಲಿ ಸ್ಟೀಲು ಲೋಟಗಳ ಸದ್ದಾಯಿತು. ಪುಣೆಯ ಮಾಲೀಕರೊಬ್ಬರು ಆರು ಲೋಟ ಇಟ್ಟು, ಉಳಿದವರ ಲೋಟಗಳನ್ನು ನೋಡಿ, ಎರಡನ್ನು ಹಿಂದಕ್ಕೆ ಒಯ್ದರು. ಅವರ ಕೈ ಕಂಡಾಗ ಶಾಂತಾ ನನ್ನ ಮೊಣಕೈ ಹಿಡಿದುಕೊಂಡಳು. ಆ ಆಟವೂ ಆರು ಸುತ್ತು ಮುಟ್ಟಿತು.

ಸೋಮವಾರ ಕಲ್ಯಾಣದಿಂದ ಧಾರವಾಡಕ್ಕೆ ಹಿಂದಿರುಗಿದೆ. ಸಭೆ ಮುಗಿದ ಭಾನುವಾರ ಸಂಜೆ ಶಾಂತಾ ಫೋನ್ ಮಾಡಿದಳು. ಒಂದು ಮಳೆಗಾಲ ಕಳೆಯುವವರೆಗೆ ಮೂರನೇ ಬೋರ್ ಇಲ್ಲ. ಇರುವ ಎರಡರ ನೀರೂ ಒಂದೇ ಟ್ಯಾಂಕಿಗೆ, ಅಲ್ಲಿಂದ ಎರಡೂ ವಿಂಗ್‌ಗೆ ಪಾಳಿಯ ಮೇಲೆ. ಇದನ್ನು ಮುಂದಿಟ್ಟವರು ಜೋಶಿ. "ಎಲ್ಲಿ ಇಳೀತೀರಿ ಅಂತ ಮೊದಲು ಕೇಳಿದಾವ ನಾನ ಅಂತ ಎಲ್ಲಾರಿಗೂ ಹೇಳ್ಕೋತ ಹೊಂಟಾರ" ಎಂದಳು. ಅವಳಿಗೂ ಕೇಳಿದ್ದು ಜೋಶಿಯೇ ಎಂದು ನೆನಪಂತೆ. ಹಾಲ್‌ನ ಆಟವನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ. ಆನ್‌ಲೈನ್ ಆಟದ ರೆಕಾರ್ಡಿಂಗನ್ನು ಮೇಘಾ ಹುಡುಕಿದಳು. ಅದರಲ್ಲಿ ಆ ಪ್ರಶ್ನೆಯನ್ನು ಯಾರೋ ಟೈಪ್ ಮಾಡಿದ್ದಾರೆ, ಹೆಸರಿನ ಜಾಗದಲ್ಲಿ 'ಗೆಸ್ಟ್' ಎಂದು ಮಾತ್ರ ಇದೆ.

ಮೊದಲು ಕೇಳಿದವರು ಯಾರೋ ನನಗೆ ಗೊತ್ತಿಲ್ಲ. ಭರಣಿ ಇರದಿದ್ದರೂ ಜೋಶಿ ಒಂದೇ ಟ್ಯಾಂಕಿನ ಮಾತನ್ನು ಮುಂದಿಡುತ್ತಿದ್ದರೋ ಏನೋ, ಅದೂ ಗೊತ್ತಿಲ್ಲ. ಇದನ್ನು ಬರೆಯುವಾಗ ಏಪ್ರಿಲ್ ಕೊನೆ. ಎರಡು ವಿಂಗ್‌ಗಳಿಗೂ ದಿನಕ್ಕೆ ಒಂದೊಂದು ಗಂಟೆ ನೀರು ಬರುತ್ತಿದೆಯಂತೆ. ಜೂನ್‌ವರೆಗೆ ಅದು ಸಾಲುತ್ತದೆಯೇ ಎಂದು ಕೇಳಿದೆ. ಶಾಂತಾ ಗೊತ್ತಿಲ್ಲ ಎಂದಳು.