ಲೀಲಾಬಾಯಿಯವರ ಕಾಲಿನ ಅಳತೆ

ಗುಡೂರಿನ ಶಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಲೀಲಾಬಾಯಿ ಅಕ್ಕೋರಿಗೆ ಎಲ್ಲರ ಮೇಲೂ ಸಂಶಯ. ಇಬ್ಬರು ನಿಂತು ನಕ್ಕರೆ ತಮ್ಮ ಕಾಲು ನೋಡಿಯೇ ನಕ್ಕರು ಅನ್ನುತ್ತಿದ್ದರು. ಹೆಡ್‌ಮಾಸ್ತರರು ತಲೆ ತಗ್ಗಿಸಿ ಮಾತಾಡುವವರು, ಪಾಪ, ಸಂಕೋಚದ ಮನುಷ್ಯ. ಅವರ ಮೇಲೂ ಅದೇ ಗುಮಾನಿ.

ಲೀಲಾಬಾಯಿಯವರ ಪಾದ ಉದ್ದ, ಅಗಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಾದಾಮಿಯಿಂದ ಅವರನ್ನು ನೋಡಲು ಬಂದ ವರನ ತಾಯಿ ಬಾಗಿಲ ಹೊರಗಿದ್ದ ಅವರ ಚಪ್ಪಲಿ ಕಂಡು, “ಇವು ನಿಮ್ಮನಿ ಯಜಮಾನರವೇನ್ರಿ?” ಎಂದು ಕೇಳಿದ್ದರಂತೆ. ಸಂಬಂಧ ಕೂಡಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಲೀಲಾಬಾಯಿ ತಾವೇ ಹುಡುಕಿಕೊಂಡರು. ಅಂದಿನಿಂದ ಎರಡು ಅಳತೆ ಸಣ್ಣ ಚಪ್ಪಲಿ. ನಾವೆಲ್ಲ ವರ್ಗದ ಹೊರಗೆ ಚಪ್ಪಲಿ ಬಿಡುತ್ತಿದ್ದೆವು, ಆ ಸಾಲಿನಲ್ಲಿ ತಮ್ಮ ಜೋಡು ಚಿಕ್ಕದಾಗಿ ಕಾಣಬೇಕೆಂಬ ಹಟ ಅವರಿಗೆ. ಹಿಮ್ಮಡಿ ಹೊರಗೆ, ಬೆರಳಿಗೆ ಆಣಿ.

೧೯೭೮ರಲ್ಲಿ ಆ ಆಣಿ ಕೀವು ತುಂಬಿ, ನಿಂತು ಪಾಠ ಹೇಳುವುದೇ ಆಗದಾಯಿತು. ಹೀಗೇ ಬಿಟ್ಟರೆ ಬೆರಳು ಹೋಗುತ್ತದೆ ಎಂದರು ಡಾಕ್ಟರು. ಡಾಕ್ಟರಿಗೂ ಚಪ್ಪಲಿ ಅಂಗಡಿಯವರಿಗೂ ಒಳಗೊಳಗೇ ಏನೋ ಇದೆ ಎಂದರು ಇವರು. ನನಗೆ ಸಿಟ್ಟು ಬಂತು. ಕೈ ಹಿಡಿದು ಬಸ್ಸು ಹತ್ತಿಸಿ ಇಳಕಲ್ಲಿಗೆ, ಚಪ್ಪಲಿ ಹೊಲಿಯುವ ಹುಲ್ಲಪ್ಪನ ಅಂಗಡಿಗೆ ಕರೆದೊಯ್ದೆ.

ಅಲ್ಲಿ ಅಳತೆಗೆ ಹಳೆಯ ಚಪ್ಪಲಿ ಕೊಟ್ಟರೂ ನಡೆಯುತ್ತಿತ್ತು. ಲೀಲಾಬಾಯಿ ಚೀಲದಿಂದ ಒಂದು ಜೋಡು ತೆಗೆದುಕೊಟ್ಟರು. ಹುಲ್ಲಪ್ಪ ಅದರ ಒಳಗೆ ಬೆರಳಾಡಿಸಿದ.

“ಅಕ್ಕೋರ, ಇವು ನಿಮ್ಮವಲ್ರಿ. ಹೆಬ್ಬೆರಳು ಕುಂತ ಗುರುತ ಬ್ಯಾರೆ ಐತಿ.”

ತಂಗಿಯ ಚಪ್ಪಲಿ ತಂದಿದ್ದರು. ನನ್ನ ಕಡೆ ನೋಡಿದರು, ನಾನು ಚಾಡಿ ಹೇಳಿದೆನೆಂಬಂತೆ. ಹುಲ್ಲಪ್ಪ ನೆಲದ ಮೇಲೆ ಕಾಗದ ಹಾಸಿದ. ಅವನ ಪೆನ್ಸಿಲ್ಲು ಪಾದವನ್ನು ಸುತ್ತಿ ಬರುವವರೆಗೆ ಅವರು ಕಣ್ಣು ಮುಚ್ಚಿಕೊಂಡೇ ನಿಂತಿದ್ದರು.

ಎಂಟು ದಿನ ಲೀಲಾಬಾಯಿಗೆ ನಿದ್ದೆಯಿಲ್ಲ. ಆ ಕಾಗದ ಯಾರು ನೋಡಿದರೋ, ಎಷ್ಟು ಮಂದಿ ನಕ್ಕರೋ. ಮತ್ತೆ ಹೋದಾಗ ಹೊಸ ಚಪ್ಪಲಿ ಮೆಟ್ಟಿ ಬಾಗಿಲತನಕ ನಡೆದು ಬಂದರು. ಹಿಮ್ಮಡಿ ಒಳಗೇ ಇತ್ತು, ಬೆರಳು ನೋಯಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು, “ಆ ಕಾಗದ ಕೊಡು. ಹರದು ಒಗೀತೇನಿ,” ಎಂದರು.

ಹುಲ್ಲಪ್ಪ ಗೋಡೆಯ ಮೊಳೆಯಿಂದ ಅಂಥ ಕಾಗದಗಳ ಒಂದು ಕಂತೆ ಇಳಿಸಿದ. ಯಾವುದರ ಮೇಲೂ ಹೆಸರಿಲ್ಲ. “ನಿಮ್ಮದು ಯಾವದೈತಿ ನೀವ ತಗೋರಿ.”

ಲೀಲಾಬಾಯಿ ಹುಡುಕಲೇ ಇಲ್ಲ. ಎಲ್ಲಕ್ಕಿಂತ ದೊಡ್ಡದನ್ನು ಎಳೆದು ನೆಲಕ್ಕೆ ಹಾಕಿ ಕಾಲಿಟ್ಟರು. ಸುತ್ತಲೂ ಎರಡು ಬೆರಳು ಜಾಗ ಉಳಿಯಿತು.

“ಅದು ಮಾಯವ್ವಂದ್ರಿ. ಕುರಿ ಹಿಂದ ಊರೂರು ನಡಿಯಾಕಿ.”

ಎರಡನೆಯದೂ ದೊಡ್ಡದಾಯಿತು. ಮೂರನೆಯದೂ. ನಾಲ್ಕನೆಯ ಕಾಗದದ ಗೆರೆಯೊಳಗೆ ಪಾದ ಸರಿಯಾಗಿ ಕೂತಿತು. ಲೀಲಾಬಾಯಿ ಬಗ್ಗಿ ಆ ಕಾಗದ ಎತ್ತಿಕೊಂಡರು. ನನಗೆ ಅಳು ಬಂತು. ಇಪ್ಪತ್ತು ವರ್ಷ ಕುಂಟಿದ್ದು ಇಷ್ಟೇ ಇಷ್ಟು ಕಾಲಿಗೇ?

ಅವರು ಅದನ್ನು ಹರಿಯಲಿಲ್ಲ. ಚೀಲದಿಂದ ಪೆನ್ನು ತೆಗೆದು, ಶಾಲೆಯ ಕರಿಫಳ್ಯದ ಮೇಲೆ ಬರೆಯುವ ದುಂಡಗಿನ ಅಕ್ಷರದಲ್ಲಿ ‘ಲೀಲಾಬಾಯಿ, ಗುಡೂರು’ ಎಂದು ಬರೆದು ಕಾಗದವನ್ನು ತಾವೇ ಮೊಳೆಗೆ ಸಿಕ್ಕಿಸಿದರು, ಎಲ್ಲದರ ಮುಂದೆ. ಹುಲ್ಲಪ್ಪನನ್ನು ಓರೆಗಣ್ಣಿನಿಂದ ನೋಡಿ ಹೇಳಿದರು:

“ನನ್ನ ಅಳತಿ ಹಿಡದು ಮತ್ತ್ಯಾರಿಗರೆ ಚಪ್ಪಲಿ ಹೊಲದೀ, ಹುಷಾರ. ಹೆಸರು ಬರದೇನಿ, ನೋಡಕೋ.”