ಗಿಳಿಯುಂಗುರದ ಅರಗಪ್ಪ

ಇದನ್ನು ಬರೆಯಲು ಕೂತಾಗಲೆಲ್ಲ ಏನಾದರೊಂದು ನೆಪ ಹೇಳಿ ಎದ್ದುಬಿಟ್ಟಿದ್ದೇನೆ. ಇವತ್ತು ಕನ್ನಡಕವೂ ಸಿಕ್ಕಿದೆ, ಕೈಯೂ ನಡುಗುತ್ತಿಲ್ಲ. ನೆಪ ಮುಗಿಯಿತು.

ಮಹಾರಾಜರ ಕಾಲ. ಹೆಗ್ಗಡದೇವನಕೋಟೆಯ ಪೋಸ್ಟಾಫೀಸಿನ ಜಗುಲಿಯ ಮೇಲೆ ಒಬ್ಬ ದರ್ಜಿ ಕೂರುತ್ತಿದ್ದ. ಬಿಸಿ ಅರಗು ಬಿದ್ದು ಬಿದ್ದು ಅವನ ಹೆಬ್ಬೆರಳು ಸುಟ್ಟ ಬದನೆಕಾಯಿಯಂತಾಗಿತ್ತು. ಊರೆಲ್ಲ ಅವನನ್ನು ಅರಗಪ್ಪ ಎಂದೇ ಕರೆಯುತ್ತಿತ್ತು. ಬೆಲೆಬಾಳುವ ಪದಾರ್ಥವನ್ನು ಇನ್ಷೂರ್ ಮಾಡಿ ಪಾರ್ಸೆಲ್ ಕಳಿಸಬೇಕಾದರೆ ಅದನ್ನು ಬಟ್ಟೆಯಲ್ಲಿ ಹೊಲಿದು, ಹೊಲಿಗೆಯುದ್ದಕ್ಕೂ ಅರಗು ಸುರಿದು, ಸ್ವಂತ ಮುದ್ರೆ ಒತ್ತಬೇಕಿತ್ತು. ಕಾಸನ್ನೋ ಗುಂಡಿಯನ್ನೋ ಒತ್ತಿದರೆ ನಡೆಯದು. ನಮ್ಮಂಥವರಿಗೆ ಎಲ್ಲಿಯ ಮುದ್ರೆ? ಅರಗಪ್ಪನ ಬೆರಳಲ್ಲಿ ಗಿಳಿ ಕೆತ್ತಿದ ಹಿತ್ತಾಳೆಯುಂಗುರವಿತ್ತು. ತಾಲ್ಲೂಕಿನ ಚಿನ್ನವೆಲ್ಲ ಆ ಗಿಳಿಯ ಕಾವಲಲ್ಲೇ ಮೈಸೂರಿಗೆ ಹೋಗುತ್ತಿತ್ತು.

ಡಬ್ಬಿಯೊಳಗೆ ಮಾತ್ರ ಆತ ಇಣುಕುತ್ತಿರಲಿಲ್ಲ. ಮುಖ ತಿರುಗಿಸಿ, "ಮುಚ್ಚಳ ಆಕಿ ಕೊಡಿ ಸ್ವಾಮಿ. ನೋಡುದ್ರೆ ಕನಸ್ಗೆ ಬತ್ತದೆ" ಎನ್ನುತ್ತಿದ್ದ. ಒಮ್ಮೆ ಶಾನುಭೋಗರ ಅಳಿಯ, ಅತ್ತೆ ಮಾಡಿಕೊಟ್ಟ ಚಕ್ಕುಲಿಯನ್ನೂ ಇನ್ಷೂರ್ ಮಾಡಿಸಲು ಬಂದ.

"ಪುಡಿಯಾದ್ರೆ ಮಾರಾಜ್ರು ಏನ್ ಮಾಡಾರು ಬುದ್ಧಿ? ಒಸಾ ಅತ್ತೆ ಕಳಿಸ್ಕೊಡಾರಾ?"

ಜಗುಲಿಯೆಲ್ಲ ನಕ್ಕಿತು. ಅಳಿಯನೂ ನಕ್ಕು, ಚಕ್ಕುಲಿಯನ್ನು ಅಲ್ಲೇ ಹಂಚಿದ.

ನಾನಾಗ ತಾಲ್ಲೂಕು ಕಚೇರಿಯ ಗುಮಾಸ್ತ. ಹೆಂಡತಿಯ ಕೆಂಪುಕಲ್ಲಿನ ಓಲೆಯಲ್ಲಿ ಒಂದು ಕಲ್ಲು ಸಡಿಲವಾಗಿತ್ತೆಂದು ಮೈಸೂರಿನ ಅಕ್ಕಸಾಲಿಗನಿಗೆ ಇನ್ಷೂರ್ ಮಾಡಿ ಕಳಿಸಿದೆ. ವಾರದಲ್ಲಿ ಆತನ ಕಾರ್ಡು ಬಂತು: ಡಬ್ಬಿಯಲ್ಲಿ ಬರೀ ಲವಂಗ! ಅರಗು ಒಡೆದಿಲ್ಲ, ಕಳಿಸುವಾಗ ಇದ್ದ ತೂಕವೇ ಇದೆ, ದಾರಿಯಲ್ಲಿ ಯಾರೂ ಬಿಚ್ಚಿಲ್ಲ ಎಂದರು ಪೋಸ್ಟಾಫೀಸಿನವರು. ಹಾಗಾದರೆ ಹೊಲಿದವನೇ ಕಳ್ಳ! ಕೆಂಪುಕಲ್ಲಿನ ಓಲೆ ಎಲ್ಲಿ ಎಂದು ಜಗುಲಿಯ ಮುಂದೆ ಜನ ಸೇರುವ ಹಾಗೆ ಕೂಗಾಡಿದೆ.

ಅರಗಪ್ಪ ಸೂಜಿ ಕೆಳಗಿಟ್ಟ. "ನಾನು ಒಳೀಕೆ ನೋಡ್ನಿಲ್ಲ ಸ್ವಾಮಿ. ನೀವೂ ನೋಡ್ನಿಲ್ವಾ?" ಎಂದ, ಅಷ್ಟೇ. ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಮಾರನೆಯ ದಿನದಿಂದ ಜಗುಲಿ ಖಾಲಿ.

ನಾಲ್ಕು ದಿನ ಕಳೆದು, ಮಗಳ ಮನೆಗೆ ಹೋಗಿದ್ದ ಅಮ್ಮ ವಾಪಸು ಬಂದಳು. ಬಂದವಳೇ ಎಲೆಯಡಿಕೆ ಹಾಕಲು ಕೂತು ತನ್ನ ಲವಂಗದ ಡಬ್ಬಿ ತೆರೆದಳು. "ಏನ್ಲಾ ಇದು, ನನ್ ಲವಂಗ ಓಲೆ ಆಗ್ಬುಟ್ಟದೆ!" ಮನೆಯಲ್ಲಿ ಒಂದೇ ಥರದ ಜೋಡಿ ಡಬ್ಬಿಗಳಿದ್ದವು. ಅವಸರದಲ್ಲಿ ಮುಚ್ಚಳವನ್ನೂ ತೆಗೆಯದೆ ನಾನು ಕೊಟ್ಟದ್ದು ಅವಳದನ್ನು.

ನಾಳೆ ಹೋಗಿ ಹೇಳೋಣವೆಂದುಕೊಂಡೆ. ನಾಳೆ ನಾಳೆ ಎನ್ನುತ್ತ ಎರಡು ವರ್ಷವಾಯಿತು.

ಒಂದು ದಿನ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ, ಇದ್ದಿಲ ಹೊಗೆಯಿಂದ ಓಡುವ ಬಸ್ಸಿಗೆ ಕಾಯುತ್ತಿದ್ದಾಗ ಅರಗಪ್ಪ ಎದುರಿಗೇ ಸಿಕ್ಕ. ಅದೇ ನಗು. ಉಂಗುರದ ಬೆರಳು ಮಾತ್ರ ಬೋಳು.

"ಓಲೆ ಸಿಕ್ತಾ ಸ್ವಾಮಿ?"

"ಇಲ್ಲ" ಎಂದೆ.

ಪಕ್ಕದಲ್ಲಿ ನನ್ನ ಹೆಂಡತಿ ಅದೇ ಓಲೆ ಹಾಕಿಕೊಂಡು ನಿಂತಿದ್ದಳು. ಅರಗಪ್ಪನ ಕಣ್ಣು ಅವಳ ಕಿವಿಯತ್ತ ಹೋಯಿತು. ಥಟ್ಟನೆ ಮುಖ ತಿರುಗಿಸಿಕೊಂಡ, ತೆರೆದ ಡಬ್ಬಿಯಿಂದ ತಿರುಗಿಸುತ್ತಿದ್ದ ಹಾಗೆಯೇ.

"ಓಗ್ಲಿ ಬುಡಿ. ಅವ್ವಾರ್ಗೆ ಈ ಓಲೇನೂ ಚೆಂದಾಗಿ ಒಪ್ತವೆ."

ಅವನ ಬಸ್ಸು ಬಂತು. ಹತ್ತಿ ಹೋದ. ಮತ್ತೆ ಅವನನ್ನು ಕಾಣಲಿಲ್ಲ.

ಅರಗಪ್ಪ ಎಂದು ಊರಿಟ್ಟ ಹೆಸರಿನ ಮರೆಯಲ್ಲೇ ಇಷ್ಟು ದೂರ ಬರೆದುಕೊಂಡು ಬಂದೆ. ತಪ್ಪಾಯಿತು ಎಂಬ ಒಂದು ಮಾತನ್ನು ನಾನು ಹೇಳದೆ ಉಳಿಸಿಕೊಂಡದ್ದು ಗಾವಡಗೆರೆಯ ಚೆಲುವಯ್ಯನಿಗೆ.